ಅತಿಥಿಗಳ ಕಸ, ಅತ್ತೆಯ ಚೀಲ

ನಮ್ಮನೆಯವರು ಹೋಂಸ್ಟೇ ಶುರು ಮಾಡಿದಾಗ ಮೊದಲು ಬಂದದ್ದು ಅತಿಥಿಗಳಲ್ಲ, ಬೋರ್ಡು. ಕಳಸದಿಂದ ಕುದುರೆಮುಖದ ಕಡೆ ಹೋಗುವ ರಸ್ತೆಯಿಂದ ನಮ್ಮ ಮಣ್ಣುದಾರಿ ಒಡೆಯುವ ಜಾಗದಲ್ಲಿ ಅದನ್ನು ನೆಟ್ಟರು. ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರದಲ್ಲಿ ‘ಇಕೋ ಫ್ರೆಂಡ್ಲಿ ಹೋಂಸ್ಟೇ’ ಎಂದಿತ್ತು. ಮೂಲೆಯಲ್ಲೊಂದು ಮಂಗಟ್ಟೆ ಹಕ್ಕಿಯ ಚಿತ್ರ. ಬರೆದವನು ಮಂಗಟ್ಟೆಯನ್ನು ಕಂಡವನೇ ಅಲ್ಲವಾದ್ದರಿಂದ ಅದು ಬಾಳೆಹಣ್ಣು ಕಚ್ಚಿಕೊಂಡ ಕಾಗೆಯ ಹಾಗಿತ್ತು.

“ಇಕೋ ಅಂದ್ರೆ ಎಂಥದು?” ಎಂದು ಅತ್ತೆ ಮಗನನ್ನು ಕೇಳಿದರು.

“ಪರಿಸರಕ್ಕೆ ತೊಂದರೆ ಮಾಡದೆ ಇರೋದು ಅಮ್ಮ. ಈಗ ಎಲ್ಲರೂ ಹಾಕ್ತಾರೆ.”

“ಹಾಗಾದ್ರೆ ಇಷ್ಟು ವರ್ಷ ನಾವು ಎಂಥ ಮಾಡ್ತಿದ್ವಿ?”

ನಮ್ಮನೆಯವರು ಬೋರ್ಡಿನ ಮೊಳೆ ಗಟ್ಟಿಯಾಗಿದೆಯೋ ಇಲ್ಲವೋ ನೋಡಲು ಹೋದರು.

ನಮ್ಮದು ಸಣ್ಣ ಕಾಫಿ ತೋಟ. ಮೊದಲು ಕಾಫಿ ಮೂಟೆ ಇಡುತ್ತಿದ್ದ ಉಗ್ರಾಣಕ್ಕೆ ಗೋಡೆ ಎಬ್ಬಿಸಿ, ಕಿಟಕಿ ಇಟ್ಟು ಕೋಣೆಗಳನ್ನಾಗಿ ಮಾಡಿದ್ದೆವು. ಅಡುಗೆ ನನ್ನದು, ಬುಕಿಂಗು ನಮ್ಮನೆಯವರದು. ಅತ್ತೆಗೆ ಯಾರೂ ಯಾವ ಕೆಲಸವನ್ನೂ ಹೇಳಿರಲಿಲ್ಲ. ಹಾಗಾಗಿ ಎಲ್ಲದರ ಮೇಲ್ವಿಚಾರಣೆ ತಾನಾಗಿಯೇ ಅವರದಾಯಿತು. ಎಪ್ಪತ್ತು ದಾಟಿದ, ಹಂಚಿಕಡ್ಡಿಯಂತೆ ಸಣಕಲು ಹೆಂಗಸು. ಪೊಟ್ಟಣ ಕಟ್ಟಿದ ದಾರವನ್ನೂ ಸುತ್ತಿ ಎತ್ತಿಡುವ ಜಾತಿ.

ವಾರದ ಕೊನೆಗೆ ಜನ ಬರತೊಡಗಿದರು. ಅವರು ಕಾರಿನಿಂದ ಇಳಿಸುತ್ತಿದ್ದ ಸಾಮಾನು ನೋಡಿದರೆ, ನಮ್ಮ ಊರಿನಲ್ಲಿ ಅನ್ನ ನೀರು ಸಿಗುವುದಿಲ್ಲ ಎಂದು ಯಾರೋ ಹೆದರಿಸಿ ಕಳಿಸಿದಂತಿರುತ್ತಿತ್ತು. ಚಿಪ್ಸು, ಬಿಸ್ಕತ್ತು, ಕಪ್ ನೂಡಲ್ಸು, ಪೇಪರ್ ತಟ್ಟೆ, ಪ್ಲಾಸ್ಟಿಕ್ ಲೋಟ. ನಮ್ಮ ಮನೆಗೆ ಗುಡ್ಡದ ಮೇಲಿನ ಝರಿಯಿಂದ ಪೈಪಿನಲ್ಲಿ ಅಬ್ಬಿ ನೀರು ಬರುತ್ತದೆ. ಮಳೆಗಾಲ ಬೇಸಿಗೆ ಎನ್ನದೆ ತಣ್ಣಗೆ ಸುರಿಯುತ್ತದೆ. ಅದನ್ನು ಕುಡಿಯಲು ಅವರಿಗೆ ಹೆದರಿಕೆ. ಬಾಟಲಿ ನೀರನ್ನೇ ಕುಡಿದು, ಅಬ್ಬಿಯ ಕೆಳಗೆ ನಿಂತು “ವಾವ್, ಎಷ್ಟು ಪ್ಯೂರ್!” ಎಂದು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಅವರೇನೋ ಸೋಮವಾರದ ಹೊತ್ತಿಗೆ ಊರು ಸೇರುತ್ತಿದ್ದರು. ಕಸ ನಮ್ಮಲ್ಲೇ ಉಳಿಯುತ್ತಿತ್ತು. ಪಂಚಾಯಿತಿಯ ಕಸದ ಗಾಡಿ ನಮ್ಮ ಏರಿಗೆ ಹತ್ತುವುದಿಲ್ಲ. ಮೊದಲು ಸುಟ್ಟೆವು. ಆ ಹೊಗೆಗೆ ಅತ್ತೆ ಇಡೀ ದಿನ ಕೆಮ್ಮಿ, “ಇನ್ನೊಂದು ಸಲ ಬೆಂಕಿ ಹಾಕಿದ್ರೆ ನನ್ನನ್ನೂ ಅದ್ರ ಜೊತೆಗೇ ಇಡಿ” ಎಂದರು. ಆಮೇಲೆ ನಮ್ಮನೆಯವರು ಎಲ್ಲವನ್ನೂ ಪಿಕಪ್ಪಿಗೆ ಹಾಕಿಕೊಂಡು ಕಳಸದ ಗುಜರಿ ಅಂಗಡಿಗೆ ಹೋದರು. ನಾನೂ ಜೊತೆಗಿದ್ದೆ. ಅಂಗಡಿಯ ಸಾಹೇಬರು ಬಾಟಲಿಗಳನ್ನೂ ರಟ್ಟನ್ನೂ ಸಂತೋಷದಿಂದ ಇಳಿಸಿಕೊಂಡರು. ಚಿಪ್ಸ್ ಪ್ಯಾಕೆಟ್ಟಿನ ಮೂಟೆ ಬಿಚ್ಚಿದ ಕೂಡಲೇ ಕೈ ಹಿಂದಕ್ಕೆ ಎಳೆದುಕೊಂಡರು.

“ಇದು ಬೇಡ ಅಕ್ಕ. ಒಳಗೆ ಬೆಳ್ಳಿ ಥರ ಪದರ ಇರುತ್ತಲ್ಲ, ಇದನ್ನ ಯಾರೂ ತಗೊಳ್ಳಲ್ಲ. ಪುಕ್ಕಟೆ ಕೊಟ್ರೂ ಬೇಡ.”

“ಮತ್ತೆ ಇದನ್ನ ಎಂಥ ಮಾಡೋದು?”

“ತಿನ್ನದೆ ಇರೋದು,” ಎಂದು ಅವರು ನಕ್ಕರು.

ಮೂಟೆ ವಾಪಸ್ಸು ಬಂತು. ನಮ್ಮನೆಯವರು ತೋಟದ ಅಂಚಿನಲ್ಲಿ ಗುಂಡಿ ತೆಗೆಸಿ ಅದನ್ನು ಹೂತು, ಮೇಲೆ ಮಣ್ಣು ತುಳಿದು, ಕೈ ತೊಳೆದುಕೊಂಡರು. ಕಾಡುಹಂದಿಗಳಿಗೆ ಮಸಾಲೆಯ ವಾಸನೆ ಹತ್ತಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗುಂಡಿಯನ್ನು ಬಗೆದು, ಪ್ಯಾಕೆಟ್ಟುಗಳನ್ನೆಲ್ಲ ನೆಕ್ಕಿ, ಪಕ್ಕದ ಎಸ್ಟೇಟಿನ ಕಾಫಿ ಗಿಡಗಳ ಮೇಲೆ ಅಲಂಕಾರ ಮಾಡಿ ಹೋದವು. ಆ ಎಸ್ಟೇಟಿನ ಯಜಮಾನರು ಬಹಳ ಮರ್ಯಾದಸ್ಥರು, ಏರುದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಬೆಳಿಗ್ಗೆ ತಾವೇ ಜೀಪಿನಲ್ಲಿ ಬಂದರು. ಹಿಂದಿನಿಂದ ಒಂದು ಗೋಣಿಚೀಲ ಇಳಿಸಿ ನಮ್ಮ ಜಗಲಿಯ ಮೇಲಿಟ್ಟರು.

“ನಿಮ್ಮ ಸಾಮಾನು ನಮ್ಮಲ್ಲಿ ಉಳಿದುಬಿಟ್ಟಿತ್ತು. ನಿಮಗೆ ಬೇಕಾಗಬಹುದು ಅಂತ ತಂದೆ,” ಎಂದರು. ಕಾಫಿ ಕುಡಿದು, ಮಳೆಯ ವಿಷಯ ಮಾತಾಡಿ ಹೊರಟರು.

ಅವರು ಬೈದಿದ್ದರೆ ಚೆನ್ನಾಗಿತ್ತು. ನನಗೂ ನಮ್ಮನೆಯವರಿಗೂ ಮುಖ ಎತ್ತಲಾಗಲಿಲ್ಲ. ಅತ್ತೆ ಮಾತ್ರ ಗೋಣಿಚೀಲವನ್ನೇ ನೋಡುತ್ತ ಕೂತಿದ್ದರು. ಕೊನೆಗೆ, “ದೊಡ್ಡವರು ಸರಿಯಾದ ದಾರಿ ತೋರಿಸಿದ್ರು ಮಾರಾಯ. ಯಾರದ್ದೋ ಅವರಿಗೇ ಕೊಡೋದು. ಇನ್ನು ಮೇಲೆ ನಾವೂ ಹಾಗೇ,” ಎಂದರು.

“ಅಮ್ಮ, ಅತಿಥಿಗಳಿಗೆ ಕಸ ಕಟ್ಟಿಕೊಡೋದಾ? ರಿವ್ಯೂ ಬರೀತಾರೆ. ಸ್ಟಾರ್ ಕಡಿಮೆ ಆಗುತ್ತೆ.”

“ಸ್ಟಾರ್ ಬೇಕಾದ್ರೆ ರಾತ್ರಿ ಅಂಗಳಕ್ಕೆ ಬಂದು ನೋಡು.”

ಅಂದಿನಿಂದ ಅತ್ತೆಗೆ ಒಂದು ಕೆಲಸ ಸಿಕ್ಕಿತು. ಅತಿಥಿಗಳು ಬಿಟ್ಟ ಪ್ಯಾಕೆಟ್ಟುಗಳನ್ನು ಸೀಗೆಪುಡಿ ಹಾಕಿ ತೊಳೆದು, ಕಾಫಿ ಒಣಗಿಸುವ ಕಣದಲ್ಲಿ ಹರಡಿ, ಹಾರದಂತೆ ಒಂದೊಂದಕ್ಕೂ ಕಲ್ಲು ಇಡುತ್ತಿದ್ದರು. ಒಂದು ಕಡೆ ಕಾಫಿ, ಇನ್ನೊಂದು ಕಡೆ ಬಿಸಿಲಿಗೆ ಪಳಪಳ ಹೊಳೆಯುವ ಚಿಪ್ಸ್ ಪ್ಯಾಕೆಟ್ಟು. ಮಂಗಗಳು ಬಂದು ಒಂದೊಂದನ್ನೇ ಎತ್ತಿ ನೋಡಿ, ಮೋಸಹೋದವರ ಹಾಗೆ ನಮ್ಮ ಕಡೆ ತಿರುಗಿ ಹಲ್ಲು ಕಿರಿಯುತ್ತಿದ್ದವು. ಒಣಗಿದ ಮೇಲೆ ಅತ್ತೆ ಅವನ್ನು ಮಡಚಿ, ತಮ್ಮ ಹಳೆಯ ಸೀರೆಗಳಿಂದ ಹೊಲಿದ ಚೀಲದಲ್ಲಿ ತುಂಬುತ್ತಿದ್ದರು. ಯಾವ ಕೋಣೆಯ ಕಸ ಯಾವ ಚೀಲಕ್ಕೆ ಎನ್ನುವುದು ಒಂದಿಷ್ಟೂ ತಪ್ಪುತ್ತಿರಲಿಲ್ಲ. “ಒಬ್ಬರದ್ದು ಇನ್ನೊಬ್ಬರಿಗೆ ಹೋಗಬಾರದು, ಪಾಪ,” ಎನ್ನುತ್ತಿದ್ದರು.

ಮೊದಮೊದಲು ಬಂದವರು ಚೀಲದೊಳಗೆ ಇಣುಕಿ, ಪೆಚ್ಚಾಗಿ ನಕ್ಕು ಒಯ್ದರು. ತೊಂದರೆಯಾದದ್ದು ಬೆಂಗಳೂರಿನ ಒಂದು ಸಂಸಾರ ಬಂದು ಹೋದಾಗ. ಗಂಡ, ಹೆಂಡತಿ, ಮದುವೆ ಗೊತ್ತಾಗಿದ್ದ ಮಗಳು. ಮನೆಯ ಯಜಮಾನರಿಗೆ ಐವತ್ತು ದಾಟಿತ್ತು. ಕೂದಲು ಮಾತ್ರ ಕಾಡಿಗೆಯ ಹಾಗೆ ಕಪ್ಪು. ಬಹಳ ಒಳ್ಳೆಯ ಜನ. ನನ್ನ ಅಕ್ಕಿರೊಟ್ಟಿಯನ್ನೂ ಕಳಲೆ ಪಲ್ಯವನ್ನೂ ಹೊಗಳಿ ಹೊಗಳಿ ತಿಂದರು. ಅವರು ಹೊರಡುವ ದಿನ ಅತ್ತೆ ಹುಷಾರಿಲ್ಲದೆ ಮಲಗಿದ್ದರು. ಚೀಲ ಕೊಡುವ ಕೆಲಸ ನಮ್ಮನೆಯವರ ಪಾಲಿಗೆ ಬಂತು.

ನಮ್ಮನೆಯವರು ಕಾಡಾನೆಗೂ ಅಷ್ಟಾಗಿ ಹೆದರುವವರಲ್ಲ, ಆದರೆ ಯಾರ ಎದುರೂ ಮುಜುಗರದ ಮಾತು ಆಡಲಾರರು. ಕಾರಿನ ಡಿಕ್ಕಿಯಲ್ಲಿ ಚೀಲವಿಟ್ಟು, ನೆಲ ನೋಡುತ್ತ, “ಇದು... ನಮ್ಮ ಕಡೆಯಿಂದ... ಸ್ವಲ್ಪ...” ಎಂದು ಗೊಣಗಿದರು. ಆ ಸಲದ ಚೀಲ ಅತ್ತೆಯ ಮದುವೆಯ ಕಾಲದ ರೇಷ್ಮೆ ಸೀರೆಯದು. ನೇರಳೆ ಬಣ್ಣ, ಜರಿ ಅಂಚು, ಬಾಯಿಗೆ ಹೊಲಿಗೆ ಬೇರೆ. ಆ ಹೆಂಗಸು, “ಅಯ್ಯೋ, ಇದೆಲ್ಲ ಯಾಕೆ? ತೋಟದ ಕಾಫಿನಾ?” ಎಂದು ಕೇಳಿದರು. ನಮ್ಮನೆಯವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ, ಕೆಮ್ಮಿದರು. ಆ ಕೆಮ್ಮನ್ನು ನಾನು ಅಡುಗೆಮನೆಯಿಂದಲೇ ಕೇಳಿದೆ.

ಮುಂದಿನ ಭಾನುವಾರ ಫೋನು ಬಂತು. ನಮ್ಮನೆಯವರು ಎತ್ತಿ ‘ಹಲೋ’ ಎಂದವರು ತಕ್ಷಣ ಅದನ್ನು ನನ್ನ ಕೈಗೆ ಕೊಟ್ಟರು. ಆ ಕಡೆ ಮಾತಾಡುತ್ತಿದ್ದವರು ಕಪ್ಪು ಕೂದಲಿನವರು. ಅವರು ಹೇಳಿದ್ದನ್ನು ಒಟ್ಟು ಮಾಡಿದರೆ ಇಷ್ಟು: ಚೀಲ ಅಷ್ಟು ಚೆಂದವಿದ್ದುದರಿಂದ ಬಿಚ್ಚದೆ ಎತ್ತಿಟ್ಟಿದ್ದರು. ಬೀಗರ ಮನೆಗೆ ಮೊದಲ ಸಲ ಊಟಕ್ಕೆ ಹೋಗುವಾಗ ಹಣ್ಣು ಹೂವಿನ ಜೊತೆಗೆ ಅದನ್ನೂ ತಟ್ಟೆಯಲ್ಲಿಟ್ಟು, “ಕಳಸದ ಕಾಫಿ, ಡೈರೆಕ್ಟ್ ತೋಟದಿಂದ,” ಎಂದು ಕೊಟ್ಟಿದ್ದರು. ಬೀಗಿತ್ತಿ ಕಾಫಿಪ್ರಿಯೆ. ಈಗಲೇ ಡಿಕಾಕ್ಷನ್ ಹಾಕಿಬಿಡೋಣ ಎಂದು ಎಲ್ಲರೆದುರು ಕತ್ತರಿಯಿಂದ ಹೊಲಿಗೆ ಬಿಚ್ಚಿದರು. ಒಳಗಿನಿಂದ ಬಂದದ್ದು ಚಿಪ್ಸ್ ಪ್ಯಾಕೆಟ್ಟು, ಶಾಂಪೂ ಸ್ಯಾಷೆ, ಮುಗಿದ ಪೇಸ್ಟಿನ ಟ್ಯೂಬು. ಎಲ್ಲದರ ಕೆಳಗೆ, ನೀಟಾಗಿ ಮಡಚಿದ, ಕೂದಲಿಗೆ ಹಚ್ಚುವ ಬಣ್ಣದ ಪ್ಯಾಕೆಟ್ಟು.

“ನನ್ನ ಹೆಂಡ್ತಿಗೆ ಬಿಟ್ರೆ ಯಾರಿಗೂ ಗೊತ್ತಿರಲಿಲ್ಲ ಕಣ್ರೀ!” ಎಂದು ಅವರು ಕೂಗಿದರು.

ಅಷ್ಟರಲ್ಲಿ ಅತ್ತೆ ಬಂದು ಫೋನು ಕಿತ್ತುಕೊಂಡರು.

“ನೋಡಿ, ಅದು ನಿಮ್ದೇ ಅಲ್ವಾ? ನಾನೇ ತೊಳ್ದು ಕಟ್ಟಿದ್ದು. ಎಂಥದಾದ್ರೂ ಕಮ್ಮಿ ಬಂತಾ?”

“ಕಮ್ಮಿ ಅಲ್ಲಮ್ಮ, ನಮ್ಮ ಮರ್ಯಾದೆ ಏನಾಗ್ಬೇಕು?”

“ನಾವು ಇಲ್ಲಿ ಹೂತ್ರೆ ಹಂದಿ ಅಗೀತದೆ, ಸುಟ್ರೆ ನನಗೆ ಕೆಮ್ಮು. ನಿಮ್ಮ ಊರಲ್ಲಿ ಮನೆ ಬಾಗಿಲಿಗೆ ಗಾಡಿ ಬರ್ತದಂತೆ. ಅದಕ್ಕೆ ಹಾಕಿ ಅಂತ ಕೊಟ್ಟಿದ್ದು. ಬೀಗರಿಗೆ ಕೊಡಿ ಅಂತ ಹೇಳಿದ್ವಾ?”

ಫೋನು ಕಟ್ ಆಯಿತು. ಸಂಜೆಯೊಳಗೆ ಒಂದು ಸ್ಟಾರಿನ ರಿವ್ಯೂ ಬಂತು: ‘ಊಟ ಚೆನ್ನಾಗಿದೆ. ಹೋಗುವಾಗ ಕಸ ಕೊಡುತ್ತಾರೆ.’ ಅದನ್ನು ಓದಿ ಬುಕಿಂಗ್ ರದ್ದು ಮಾಡಿದವರೂ ಇದ್ದರು. ಕೆಲವು ವಾರ ಕೋಣೆಗಳು ಖಾಲಿ ಉಳಿದವು. ನಮ್ಮನೆಯವರು ತಾಯಿಯ ಹತ್ತಿರ ಮಾತು ಬಿಟ್ಟರು. ಅತ್ತೆಯೂ ಬಿಟ್ಟರು. ಇಬ್ಬರೂ ಒಬ್ಬರಿಗೊಬ್ಬರು ಹೇಳಬೇಕಾದ್ದನ್ನೆಲ್ಲ ನನಗೆ ಹೇಳುತ್ತಿದ್ದರು. “ಅವನಿಗೆ ಊಟಕ್ಕೆ ಬರೋಕೆ ಹೇಳು.” “ನನಗೆ ಹಸಿವಿಲ್ಲ ಅಂತ ಹೇಳು.” ಒಂದೇ ಒಲೆಯ ಆಚೆ ಈಚೆ ಕೂತಿದ್ದಾಗಲೂ ಇದೇ ವ್ಯವಸ್ಥೆ. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಆ ಹುಡುಗಿ. ಒಂದು ಚಿಪ್ಸ್ ಪ್ಯಾಕೆಟ್ಟಿನಿಂದ ಅವಳ ಸಂಬಂಧ ಮುರಿದುಬಿದ್ದರೆ? ಮಲಗಿದರೂ ಅದೇ ಯೋಚನೆ.

ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು. ದೊಡ್ಡ ಧ್ವನಿಯ ಹೆಂಗಸು. “ನಾನು ಚೀಲ ಬಿಚ್ಚಿದವಳು,” ಎಂದರು.

“ಅವತ್ತಿನಿಂದ ನಮ್ಮ ಮನೇಲಿ ಎಲ್ಲರೂ ನಗ್ತಾನೇ ಇದೀವಿ ಕಣಮ್ಮ. ಬೀಗರು ಅಂದ್ರೆ ಎಷ್ಟು ಬಿಗುಮಾನ ಇರುತ್ತೆ ಗೊತ್ತಲ್ಲ? ಅದೆಲ್ಲ ಒಂದೇ ಏಟಿಗೆ ಹೋಯ್ತು. ಆ ಬಣ್ಣದ ಪ್ಯಾಕೆಟ್ ನೋಡಿ ನಮ್ಮ ಯಜಮಾನರು, ‘ಅರೆ, ನಂದೂ ಇದೇ ಕಂಪನಿ!’ ಅಂದುಬಿಟ್ರು! ಸರಿ, ಅದನ್ನ ಅಷ್ಟು ಚೆನ್ನಾಗಿ ಮಡಚಿದವರು ಯಾರು? ಅವರನ್ನ ನೋಡ್ಬೇಕು.”

ಹೇಳಿದ ಹಾಗೆಯೇ ಬಂದರು. ಗೆಳತಿಯರನ್ನು ಕಟ್ಟಿಕೊಂಡು, ಎಲ್ಲರೂ ಸ್ಟೀಲಿನ ಬಾಟಲಿ ಹಿಡಿದು, ಕಳಸದವರೆಗೆ ಬಸ್ಸಿನಲ್ಲೇ ಬಂದಿದ್ದರು. ತಿಂಡಿಗೆ ಚಕ್ಕುಲಿ ತಂದದ್ದೂ ಡಬ್ಬಿಯಲ್ಲಿ. ಅಬ್ಬಿ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದರು. ಯಾರಿಗೂ ಏನೂ ಆಗಲಿಲ್ಲ. ಕಾಡುಹಂದಿ ಬಗೆದ ಗುಂಡಿಯನ್ನು ತೋರಿಸಿ ಎಂದು ಕೇಳಿ, ಅತ್ತೆಯ ಹಿಂದೆ ತೋಟವೆಲ್ಲ ಸುತ್ತಿದರು. ಅತ್ತೆ ಆ ಕಥೆಯನ್ನು ಹೇಳುವಾಗ ಹಂದಿಗಳ ಸಂಖ್ಯೆ ಏರುತ್ತಲೇ ಹೋಯಿತು. ಕಾಲಿಗೆ ಉಂಬಳ ಹತ್ತಿ ರಕ್ತ ಹೀರತೊಡಗಿದಾಗ ಮಾತ್ರ ಎಲ್ಲರೂ ಒಟ್ಟಿಗೆ ಕಿರುಚಿದರು. ಅವರು ಹೊರಟಾಗ ಕೊಡಲು ಅತ್ತೆಯ ಬಳಿ ಕಸವೇ ಇರಲಿಲ್ಲ. ಚೀಲ ಹಿಡಿದು ಅತ್ತಿತ್ತ ತಿರುಗಿದರು. ಆಮೇಲೆ ಒಳಗೆ ಹೋಗಿ, ನಿಜವಾದ ಕಾಫಿಪುಡಿಯನ್ನೇ ತುಂಬಿ ತಂದು, “ಬಿಚ್ಚಿ ನೋಡ್ಕೊಳ್ಳಿ ಮಾರಾಯ್ರೆ, ಆಮೇಲೆ ಮಾತು ಬೇಡ,” ಎಂದರು.

ನಮ್ಮನೆಯವರೂ ಪಾಠ ಕಲಿತರು. ಎದುರು ನಿಂತು ಹೇಳಲಾಗದ್ದನ್ನು ಬುಕಿಂಗ್ ಮಾಡುವಾಗಲೇ ಬರೆದು ಕಳಿಸತೊಡಗಿದರು: ಕುಡಿಯಲು ಅಬ್ಬಿ ನೀರು ಇದೆ, ಪ್ಯಾಕೆಟ್ ತಿಂಡಿ ತರಬೇಡಿ, ತಂದರೆ ಖಾಲಿ ಪ್ಯಾಕೆಟ್ ನಿಮ್ಮದೇ. ಓದಿ ಇಷ್ಟವಾಗದವರು ಬಾರದೆ ಉಳಿದರು. ಮೊದಲಿನಷ್ಟು ಜನ ಈಗಲೂ ಇಲ್ಲ. ಆದರೆ ಬಂದವರು ಒಂದು ರಾತ್ರಿಯ ಬದಲು ನಾಲ್ಕು ದಿನ ಇರುತ್ತಾರೆ, ತೋಟದಲ್ಲಿ ನಡೆಯುತ್ತಾರೆ, ಹಲಸಿನ ಹಪ್ಪಳ ಲಟ್ಟಿಸುವುದನ್ನು ಕಲಿಯುತ್ತೇವೆಂದು ಅಡುಗೆಮನೆಗೆ ಬಂದು ನನಗೆ ಅಡ್ಡವಾಗುತ್ತಾರೆ. ತಾಯಿ ಮಗ ಮತ್ತೆ ಮಾತಾಡುತ್ತಿದ್ದಾರೆ. ಜಗಳಕ್ಕೂ ಈಗ ನಾನು ಬೇಕಾಗಿಲ್ಲ.

ಆ ಹುಡುಗಿಯ ಮದುವೆಗೆ ಎರಡೂ ಕಡೆಯಿಂದ ಕರೆ ಬಂತು. ಅತ್ತೆ ಅದುವರೆಗೆ ಚಿಕ್ಕಮಗಳೂರಿನಿಂದ ಆಚೆ ಹೋದವರಲ್ಲ. ಬೆಂಗಳೂರಿನ ದಾರಿಯುದ್ದಕ್ಕೂ ಕಿಟಕಿಯ ಪಕ್ಕ ಕೂತು, ಗುಡ್ಡ ಮುಗಿದದ್ದು ಎಲ್ಲಿ ಎಂದು ನೋಡುತ್ತ ಬಂದರು. ಛತ್ರದಲ್ಲಿ ಊಟಕ್ಕೆ ಕೂತಾಗ ನೋಡುತ್ತೇವೆ, ಎಲೆ ಎಲೆಯ ಪಕ್ಕ ಒಂದೊಂದು ಪುಟ್ಟ ಪ್ಲಾಸ್ಟಿಕ್ ನೀರಿನ ಬಾಟಲಿ. ಅತ್ತೆ ಸಾಲಿನ ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸಿದರು. ನಮ್ಮನೆಯವರು ಮೇಜಿನ ಕೆಳಗೆ ಅವರ ಕೈ ಹಿಡಿದುಕೊಂಡು, “ಅಮ್ಮ, ಇವತ್ತೊಂದು ದಿವಸ ಸುಮ್ನಿರು, ನಿನ್ನ ಕಾಲಿಗೆ ಬೀಳ್ತೀನಿ,” ಎಂದರು.

ಅಷ್ಟರಲ್ಲಿ ಹುಡುಗಿಯ ತಂದೆ ತಾವೇ ಬರುತ್ತಿರುವುದು ಕಾಣಿಸಿತು. ಕೈಯಲ್ಲಿ ತಾಮ್ರದ ತಂಬಿಗೆ, ಸ್ಟೀಲಿನ ಲೋಟ. ಯಾರೋ ಅವರಿಗೆ ಮೊದಲೇ ಹೇಳಿರಬೇಕು. ಲೋಟಕ್ಕೆ ನೀರು ಹಾಕಿ ಅತ್ತೆಯ ಎಲೆಯ ಪಕ್ಕ ಇಟ್ಟರು. ಅತ್ತೆ ನೀರನ್ನು ಎತ್ತಿ ಕುಡಿದು, ಬಾಯಿ ಒರೆಸಿಕೊಂಡು, “ಮಗಳು ಲಕ್ಷಣವಾಗಿ ಕಾಣ್ತಿದ್ದಾಳೆ, ಒಳ್ಳೇದಾಗ್ಲಿ,” ಎಂದರು.

ಹುಡುಗಿಯ ತಂದೆಯ ಕಣ್ಣು ತುಂಬಿತು. “ಹೋಳಿಗೆ ಇನ್ನೊಂದು ಹಾಕಿಸ್ಕೊಳ್ಳಿ ಅಮ್ಮ,” ಎಂದು ಬಡಿಸುವವನನ್ನು ಕೂಗಿದರು. ಅತ್ತೆ ಬೇಡ ಎನ್ನಲಿಲ್ಲ. ತುಪ್ಪವನ್ನೂ ಕೇಳಿ ಹಾಕಿಸಿಕೊಂಡರು.