ಹಲೋ ಮಾಮನ ತೌಬಾ

ಮೇಜಿನ ಮೇಲೆ ಹೊಟ್ಟೆ ತೆರೆದುಕೊಂಡು ಮಲಗಿದ್ದ ಆಂಪ್ಲಿಫೈಯರಿನೊಳಗೆ ಬಿಟ್ಟುಹೋಗಿದ್ದ ತಂತಿಯೊಂದನ್ನು ಬೆಸೆಯುತ್ತಿದ್ದಾಗ ಅಂಗಡಿಯ ಬಾಗಿಲಿಗೆ ಯಾರೋ ಅಡ್ಡ ನಿಂತು ಬೆಳಕು ಕಡಿಮೆಯಾಯಿತು. ಮಾಮ ತಲೆ ಎತ್ತಿದರು. ಮಸೀದಿ ಕಮಿಟಿಯ ಅಧ್ಯಕ್ಷರು. ಮರದ ವ್ಯಾಪಾರಿ, ಭಾರಿ ಆಳು. ಮಸೀದಿಗೆ ಹೊಸ ಸ್ಪೀಕರ್ ಬೇಕಾದಾಗ ಬಿಟ್ಟರೆ ಅಂಗಡಿಯ ಕಡೆ ತಲೆ ಹಾಕಿದವರಲ್ಲ.

"ಮಧ್ಯಾಹ್ನದ ಆಜಾನ್ ನೀವು ಕೊಡೋದು ಬೇಡ," ಎಂದರು ಅಧ್ಯಕ್ಷರು.

"ಯಾಕೆ, ಮೈಕು ಕೆಟ್ಟಿದೆಯಾ?"

"ಮೈಕು ಸರಿಯಾಗೇ ಇದೆ."

"ನನ್ನ ಗಂಟಲೂ ಸರಿಯಾಗೇ ಇದೆಯಲ್ಲ."

"ಕೆಟ್ಟಿರೋದು ಬೇರೆ," ಎಂದು ಅಧ್ಯಕ್ಷರು ಜೇಬಿನಿಂದ ಫೋನು ತೆಗೆದು ಒತ್ತಿದರು.

ಫೋನಿನಿಂದ ಹೊರಟದ್ದು ಮಾಮನದೇ ಧ್ವನಿ. "ಇಳಿಜಾರು ದಾಟಿದ್ಯಾ? ನಿದ್ದೆ ಬಂದ್ರೆ ಗಾಡಿ ಪಕ್ಕಕ್ಕೆ ಹಾಕು, ಹಟ ಮಾಡ್ಬೇಡ. ನೀನು ಬರೋವರೆಗೂ ನನಗೂ ಕಣ್ಣು ಮುಚ್ಚಲ್ಲ. ದಿಂಬಿನಲ್ಲಿ ನಿನ್ನ ತಲೆ ವಾಸನೆ ಹಾಗೇ ಇದೆ ನೋಡು."

ಮಾಮ ಬೆಸುಗೆ ಕಡ್ಡಿಯನ್ನು ಅದರ ಸ್ಟ್ಯಾಂಡಿನಲ್ಲಿಟ್ಟು ಸ್ವಿಚ್ ಆರಿಸಿದರು. ಬಹಳ ವರ್ಷಗಳಿಂದ ಈ ಗಳಿಗೆಗೆ ಕಾದವರ ಹಾಗೆ ಸ್ಟೂಲಿನ ಮೇಲೆ ಕೂತರು.

ಮೈಕ್ ರಿಪೇರಿಯಾದ ಮೇಲೆ ಬಾಯಿ ಹತ್ತಿರ ಹಿಡಿದು "ಹಲೋ, ಹಲೋ" ಎಂದು ಬೀದಿಗೆಲ್ಲ ಕೇಳುವಂತೆ ಪರೀಕ್ಷಿಸುವ ಅಭ್ಯಾಸದಿಂದ ಅವರಿಗೆ ಅಂಟಿದ ಹೆಸರು ಹಲೋ ಮಾಮ. ನಿಜವಾದ ಹೆಸರು ಅವರ ಅಕ್ಕನಿಗೂ ಯೋಚಿಸಿದರೇ ನೆನಪಾಗುತ್ತಿತ್ತು. ಅಂಗಡಿಗೂ ಮಸೀದಿಗೂ ನಡುವೆ ಒಂದೇ ಗೋಡೆ. ಹೊತ್ತಾದಾಗ ಕೈ ತೊಳೆದು, ಟೋಪಿ ತಲೆಗಿಟ್ಟು, ಆ ಗೋಡೆ ಬಳಸಿ ಹೋಗಿ ಆಜಾನ್ ಕೊಟ್ಟು ಬರುವುದು ಅವರ ಉಸಿರಾಟದಷ್ಟೇ ಸಹಜವಾದ ಕೆಲಸ. ಸಂಬಳವಿಲ್ಲ, ಕೇಳಿದವರೂ ಅಲ್ಲ. ಮುರಿದ ಮೂಳೆಗೆ ಕಟ್ಟು ಹಾಕುವ ಎದುರಿನ ಬ್ಯಾಂಡೇಜ್ ಅಂಗಡಿಯ ಮುದುಕ ನಮಾಜಿಗೆ ಎಂದೂ ಹೋಗದವನು. ಅವನು ಕೂಡ, "ಆ ಗಂಟಲು ಕೇಳದೆ ನನಗೆ ಬೆಳಗಾಗಲ್ಲ ಕಣ್ರಿ," ಎನ್ನುತ್ತಿದ್ದ.

ಮದುವೆ ಆಗಲಿಲ್ಲ. ಗಂಡ ತೀರಿಹೋದ ಅಕ್ಕ ಮಗಳನ್ನು ಕಟ್ಟಿಕೊಂಡು ತಮ್ಮನ ಮನೆಗೆ ಬಂದಾಗ, ಅಕ್ಕನ ಸಂಸಾರ ದಡ ಸೇರಿಸಲು ತಮ್ಮ ತನ್ನ ಸಂಸಾರ ಬಿಟ್ಟ ಎಂದು ಊರು ಹೊಗಳಿತು. ಅರ್ಧ ನಿಜ. ಇನ್ನರ್ಧ ಒಬ್ಬ ಲಾರಿ ಡ್ರೈವರ್. ಹಾರ್ನ್ ಕೆಟ್ಟಿದೆ ಎಂದು ಒಂದು ಮಧ್ಯಾಹ್ನ ಬಂದವನು, ಹಾರ್ನ್ ಸರಿಯಾದ ಮೇಲೂ ಬರುತ್ತಲೇ ಇದ್ದ. ಅವನಿಗೆ ಹೆಂಡತಿ ಇದ್ದಳು, ಮಕ್ಕಳಿದ್ದರು. ಊರಿಗೆ ಬಂದಾಗಲೆಲ್ಲ ಅಂಗಡಿಯ ಹಿಂದಿನ ಕೋಣೆಯಲ್ಲಿ, ಹಳೆಯ ಸ್ಪೀಕರ್ ಡಬ್ಬಗಳ ನಡುವೆ ಹಾಸಿದ ಚಾಪೆಯ ಮೇಲೆ ಅವನು ಮಲಗುತ್ತಿದ್ದ. ಲಾರಿಯವರು ಎಲ್ಲೆಂದರಲ್ಲಿ ಮಲಗುತ್ತಾರೆ, ಯಾರು ಕೇಳುತ್ತಾರೆ? ಕಾಗೆ ಗುಬ್ಬಿಗೂ ತಿಳಿಯದಂತೆ ಇಬ್ಬರ ತಲೆಯೂ ನರೆಯಿತು.

ಕಳೆದ ಮಳೆಗಾಲದಲ್ಲಿ ಬ್ರೇಕ್ ಹಿಡಿಯದೆ ಲಾರಿ ಮಗುಚಿತು. ಅಂತ್ಯಸಂಸ್ಕಾರದ ದಿನ ಮಾಮ ಎಂದಿನಂತೆ ಆಜಾನ್ ಕೊಟ್ಟರು, ಎಲ್ಲರ ಜೊತೆ ಸಾಲಿನಲ್ಲಿ ನಿಂತರು. ಯಾವ ಗಂಡಸಿಗಾದರೂ ಸಿಗುವಷ್ಟೇ ಹೊತ್ತು ಹೆಗಲು ಕೊಟ್ಟು, ಮುಂದಿನವನಿಗೆ ಜಾಗ ಬಿಟ್ಟರು. ಗೆಳೆಯ ಸತ್ತರೆ ಅಷ್ಟೇ ತಾನೆ.

ಸತ್ತವನ ಫೋನು ಅವನ ಹೆಂಡತಿಯ ಅಣ್ಣನ ಕೈ ಸೇರಿತ್ತು. ಲಾರಿ ಮಾಲೀಕನಿಂದ ಬರಬೇಕಾದ ಪರಿಹಾರಕ್ಕೆ ಅದರಲ್ಲಿ ಏನಾದರೂ ಸಿಕ್ಕೀತೇ ಎಂದು ಕೆದಕಿದ. ಸಿಕ್ಕಿದ್ದು ಈ ವಾಯ್ಸ್ ಮೆಸೇಜು. ಯಾರದು ಈ ಧ್ವನಿ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಐದು ಹೊತ್ತೂ ಇಡೀ ಬೀದಿಯನ್ನು ಕರೆಯುವ ಗಂಟಲು.

ಕಮಿಟಿ ಅಂದು ಸಂಜೆಯೇ ಮೌಲವಿಯವರ ಕೋಣೆಯಲ್ಲಿ ಸೇರಿತು. ಮಾಮನನ್ನು ಹೊರಗೆ ಜಗಲಿಯಲ್ಲಿ ಕೂರಿಸಿದರು. ಬಾಗಿಲು ಅರೆ ತೆರೆದಿತ್ತು. ಮುಚ್ಚುವಷ್ಟು ಸೌಜನ್ಯ ಯಾರಿಗೂ ತೋಚಲಿಲ್ಲ.

"ಗಂಡಸರು ಗಂಡಸರನ್ನೇ ಬಯಸಿದ್ರು ಅಂತ ಲೂತ್ ಪ್ರವಾದಿಗಳ ಜನರ ಮೇಲೆ ಕಲ್ಲಿನ ಮಳೆ ಸುರೀತಲ್ಲ ಹಜ್ರತ್, ಅದು ಸುಳ್ಳಾ?" ಇದು ಅಧ್ಯಕ್ಷರ ದನಿ.

"ಸುಳ್ಳಲ್ಲ. ಸುರಿಸಿದ್ದು ದೇವರು. ನೀವಲ್ಲ," ಎಂದರು ಮೌಲವಿ.

"ಹಾಗಾದ್ರೆ ಇದು ಪಾಪ ಅಲ್ಲ ಅಂತೀರಾ?"

"ಪಾಪ. ಅದರಲ್ಲಿ ಎರಡು ಮಾತಿಲ್ಲ, ನಾನು ಧರ್ಮಾನ ಮಾರೋಕೆ ಕೂತಿಲ್ಲ. ಆದ್ರೆ ಮನಸ್ಸಿನ ಆಸೆ ಬೇರೆ, ಮಾಡೋ ಕೆಲಸ ಬೇರೆ. ಕೆಲಸ ಆಯ್ತು ಅನ್ನೋಕೆ ಕಣ್ಣಾರೆ ಕಂಡ ನಾಲ್ಕು ಜನ ಸಾಕ್ಷಿ ಬೇಕು. ಇಲ್ದೆ ಬಾಯಿ ಬಿಟ್ಟವನೇ ಅಪರಾಧಿ. ಯಾರು ನೋಡಿದ್ದೀರಿ? ಕೈ ಎತ್ತಿ."

ಯಾರ ಕೈಯೂ ಏಳಲಿಲ್ಲವೆಂದು ಕಾಣುತ್ತದೆ.

"ಇನ್ನೊಬ್ಬರ ಗುಟ್ಟು ಕೆದಕಬೇಡಿ ಅಂತಲೂ ಅದೇ ಕಿತಾಬಿನಲ್ಲಿದೆ," ಎಂದರು ಮೌಲವಿ. "ಆ ಫೋನಿನ ಮಾತನ್ನ ಮನೆಮನೆಗೆ ಕಳಿಸಿದ್ದೀರಲ್ಲ, ಅದಕ್ಕೆ ಯಾರ ಹತ್ತಿರ ಕ್ಷಮೆ ಕೇಳ್ತೀರಿ?"

"ಅದೆಲ್ಲ ಸರಿ ಹಜ್ರತ್. ಊರ ಬಾಯಿಗೆ ಮುಚ್ಚಳ ಇದೆಯಾ? ನಾಳೆ ಆ ಗಂಟಲು ಕೇಳಿದ್ರೆ ಜನಕ್ಕೆ ನಮಾಜು ನೆನಪಾಗುತ್ತಾ, ದಿಂಬು ನೆನಪಾಗುತ್ತಾ?"

ಯಾರೋ ನಕ್ಕರು. ನಗು ಅರ್ಧಕ್ಕೇ ನಿಂತಿತು. ಜಗಲಿಯಲ್ಲಿ ಮಾಮ ಟೋಪಿ ತೆಗೆದು ಮಡಿಸಿ ಮೊಣಕಾಲ ಮೇಲಿಟ್ಟುಕೊಂಡರು.

ಕೊನೆಗೆ ದಾರಿ ಹುಡುಕಿದವರು ಮೌಲವಿಯೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಶುಕ್ರವಾರದ ನಮಾಜಿನ ನಂತರ ಮಾಮ ಎಲ್ಲರೆದುರು ಎದ್ದು ನಿಂತು, ಫೋನಿನಲ್ಲಿರುವ ವಿಷಯಕ್ಕೆ ತೌಬಾ ಎಂದು ಒಂದು ಮಾತು ಹೇಳಬೇಕು. ಪಶ್ಚಾತ್ತಾಪ ಪಟ್ಟವನು ಪಾಪವನ್ನೇ ಮಾಡದವನ ಹಾಗೆ. ಆಮೇಲೆ ಯಾರೂ ಆ ಮಾತು ಎತ್ತುವಂತಿಲ್ಲ. ಆಜಾನ್ ಮತ್ತೆ ಮಾಮನದೇ. ಕಮಿಟಿ ಒಲ್ಲದ ಮನಸ್ಸಿನಿಂದ ತಲೆಯಾಡಿಸಿತು. ಇದಕ್ಕಿಂತ ಸುಲಭದ ಬಿಡುಗಡೆ ಇಲ್ಲ ಎಂದು ಎಲ್ಲರಿಗೂ ಅನ್ನಿಸಿತು.

ಮನೆಯಲ್ಲಿ ಅಕ್ಕ ಆ ವಿಷಯವನ್ನು ನೇರವಾಗಿ ಕೇಳಲೇ ಇಲ್ಲ. ಅಕ್ಕಿ ಆರಿಸುತ್ತ ಮೊರದ ಮೇಲಿನ ಕಣ್ಣು ತೆಗೆಯದೆ ಹೇಳಿದಳು. "ಶುಕ್ರವಾರ ಹೇಳ್ಬಿಡು. ಎಲುಬಿಲ್ಲದ ನಾಲಿಗೆ, ತಿರುಗಿಸೋಕೆ ಎಷ್ಟು ಹೊತ್ತು?"

"ದೇವರ ಮನೆಯಲ್ಲಿ ನಿಂತು ಹೇಳೋ ಮಾತಕ್ಕ."

"ಅಲ್ಲಿ ನಿಂತು ಯಾರೂ ಸುಳ್ಳು ಹೇಳಿಲ್ವಾ? ನಿನ್ನ ಭಾವ ಸಿಗರೇಟು ಬಿಟ್ಟೆ ಅಂತ ಎಷ್ಟು ರಂಜಾನಿನಲ್ಲಿ ತೌಬಾ ಮಾಡಿದ್ರು, ನೆನಪಿದೆಯಾ? ಹೊರಗೆ ಬಂದು ಚಪ್ಪಲಿ ಹಾಕೋ ಮುಂಚೆ ಬೆಂಕಿಪೊಟ್ಟಣ ಹುಡುಕೋರು." ತಾನೇ ಅರೆಕ್ಷಣ ನಕ್ಕಳು. ನಂತರ ಮೊರ ಕೆಳಗಿಟ್ಟಳು. "ಮಗಳು ಫೋನ್ ಮಾಡಿದ್ಲು. ಅಂಥ ಮನೆಯಲ್ಲಿ ನಿಮ್ಮಮ್ಮ ಹೇಗಿದ್ದಾರೆ ಅಂತ ಅವಳ ಅತ್ತೆ ಕೇಳಿದ್ರಂತೆ. ನಾನು ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗ್ಲಿ, ಹೇಳು."

ಮಾಮ ಮೊರವನ್ನು ತಮ್ಮತ್ತ ಎಳೆದುಕೊಂಡು ಉಳಿದ ಅಕ್ಕಿ ಆರಿಸತೊಡಗಿದರು.

ಗುರುವಾರ ಮಧ್ಯಾಹ್ನ ಮೌಲವಿ ಅಂಗಡಿಗೆ ಬಂದರು. ಮಾಮನಿಗಿಂತ ವಯಸ್ಸಿನಲ್ಲಿ ಚಿಕ್ಕವರು. ಬಂದ ಹೊಸದರಲ್ಲಿ ಮೈಕಿನ ಮುಂದೆ ಎಷ್ಟು ದೂರ ನಿಲ್ಲಬೇಕೆಂದು ತಿಳಿಯದೆ ಪ್ರವಚನದ ತುಂಬ ಕುಂಯ್ ಎನ್ನಿಸುತ್ತಿದ್ದವರಿಗೆ ಕಲಿಸಿಕೊಟ್ಟವರು ಮಾಮನೇ.

"ನಾಳೆ ಹೆದರಬೇಡಿ ಮಾಮ. ಒಂದೇ ಮಾತು."

"ಹಜ್ರತ್, ತೌಬಾಕ್ಕೆ ಏನೇನು ಬೇಕು ಅಂತ ನೀವೇ ಹೇಳ್ಕೊಟ್ಟಿದ್ರಿ."

ಮೌಲವಿಗೆ ಮಾತು ಎತ್ತ ಹೋಗುತ್ತಿದೆ ಎಂದು ಗೊತ್ತಾಯಿತು. ಆದರೂ ಹೇಳಿದರು. "ಪಾಪ ಬಿಟ್ಟಿರಬೇಕು. ಮತ್ತೆ ಮಾಡಲ್ಲ ಅನ್ನೋ ನಿರ್ಧಾರ ಇರಬೇಕು. ಮಾಡಿದ್ದಕ್ಕೆ ಮನಸ್ಸು ನೋಯಬೇಕು."

"ಬಿಟ್ಟಿದ್ದೀನಿ, ಅವನೇ ಇಲ್ಲ. ಮತ್ತೆ ಮಾಡಲ್ಲ, ಅವನು ಬರಲ್ಲ." ಮಾಮ ಮೇಜಿನ ಮೇಲಿದ್ದ ಸೀಸದ ತುಣುಕುಗಳನ್ನು ಬೆರಳಲ್ಲಿ ಗುಡಿಸಿದರು. "ಮೂರನೇದು ಬರ್ತಿಲ್ಲ. ಆ ಕೋಣೆಯಲ್ಲಿ ಕೂತು ಪ್ರಯತ್ನ ಪಟ್ಟೆ. ಅಳು ಬರುತ್ತೆ. ಬರೋದು ಅವನು ಹೋದ ಅಂತ. ಯಾಕೆ ಬಂದ ಅಂತ ಅಲ್ಲ."

ಮೌಲವಿ ಕಣ್ಣು ಮುಚ್ಚಿದರು. "ಇದನ್ನ ನನಗೆ ಹೇಳಬಾರದಿತ್ತು. ತನ್ನ ಪಾಪಕ್ಕೆ ದೇವರು ಹೊದಿಸಿದ ಬಟ್ಟೆಯನ್ನ ಮನುಷ್ಯ ತಾನೇ ಎಳೀಬಾರದು."

"ಬಟ್ಟೆ ಎಳೆದದ್ದು ನಾನಲ್ಲ ಹಜ್ರತ್. ನೀವು ಕಳ್ಳ ತೌಬಾ ಮಾಡು ಅಂತೀರಾ?"

ಇಲ್ಲ ಎನ್ನಲು ಮೌಲವಿಗೆ ಮನಸ್ಸು ಬರಲಿಲ್ಲ. ಹೌದು ಎನ್ನಲು ಅವರ ಓದು ಬಿಡಲಿಲ್ಲ. ನುಂಗಲಾರದ ತುತ್ತು ಬಾಯಲ್ಲಿಟ್ಟುಕೊಂಡವರಂತೆ ಎದ್ದು ಹೋದರು.

ಲೂತರ ಕಥೆಯನ್ನು ಮಾಮ ಚಿಕ್ಕಂದಿನಿಂದ ಕೇಳಿದವರು. ಪ್ರವಚನದಲ್ಲಿ ಅದು ಬಂದಾಗಲೆಲ್ಲ ತಲೆ ತಗ್ಗಿಸಿ ಅದರಲ್ಲಿ ತನ್ನನ್ನು ಹುಡುಕಿಕೊಂಡವರು. ಆ ಜನ ಅತಿಥಿಗಳ ಮೇಲೆ ಕಣ್ಣು ಹಾಕಿ, ಗುಂಪು ಕಟ್ಟಿಕೊಂಡು ಮನೆಗೆ ನುಗ್ಗಿ ಬಂದವರು. ತಾವಿಬ್ಬರೂ ಯಾರ ಬಾಗಿಲನ್ನೂ ಬಡಿದಿರಲಿಲ್ಲ. ಈ ಯೋಚನೆಯನ್ನು ಅವರು ಯಾರಿಗೂ ಹೇಳಲಿಲ್ಲ. ತಾನು ಓದಿದವನಲ್ಲ, ತನಗೆ ಬೇಕಾದ ಅರ್ಥವನ್ನೇ ತಾನು ಹುಡುಕುತ್ತಿರಬಹುದು ಎಂಬ ಅನುಮಾನ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ದೇವರನ್ನು ಅವರು ಒಂದು ದಿನವೂ ನಂಬದೆ ಇರಲಿಲ್ಲ. ಕಷ್ಟವಾದದ್ದೇ ಅದರಿಂದ. ನಂಬದವನಾಗಿದ್ದರೆ ಶುಕ್ರವಾರದ ಒಂದು ಮಾತು ಅವರಿಗೆ ಭಾರವೇ ಆಗುತ್ತಿರಲಿಲ್ಲ.

ಶುಕ್ರವಾರ ಮಸೀದಿ ಎಂದಿಗಿಂತ ತುಂಬಿತ್ತು. ನಮಾಜು ಮುಗಿದರೂ ಯಾರೂ ಏಳಲಿಲ್ಲ. ಮೌಲವಿ ಕೈಸನ್ನೆ ಮಾಡಿದರು. ಮಾಮ ಎದ್ದು ನಿಂತರು. ಮೈಕನ್ನು ಯಾರೂ ಅವರ ಮುಂದೆ ಇಡಲಿಲ್ಲ. ಬೇಕಾಗಿಯೂ ಇರಲಿಲ್ಲ.

"ನನ್ನ ಅಕ್ಕನಿಗೆ ಇಷ್ಟು ವರ್ಷ ಸುಳ್ಳು ಹೇಳಿದ್ದೀನಿ. ಅದಕ್ಕೆ ತೌಬಾ. ಸತ್ತವನ ಹೆಂಡತಿಗೆ ಮೋಸ ಆಗಿದೆ. ಅದರಲ್ಲಿ ನನ್ನ ಪಾಲಿದೆ. ಅದಕ್ಕೆ ತೌಬಾ, ಮನಸ್ಸಾರೆ ತೌಬಾ. ಆ ತಾಯಿ ನನ್ನನ್ನ ಕ್ಷಮಿಸ್ಲಿ."

ನಿಲ್ಲಿಸಿದರು. ಜನ ಕಾದರು.

"ಮುಖ್ಯವಾದ ಮಾತು?" ಎಂದರು ಅಧ್ಯಕ್ಷರು.

"ಅದು ನನ್ನ ಕೈಲಿ ಆಗ್ಲಿಲ್ಲ. ಇಲ್ಲಿ ನಿಂತು ಸುಳ್ಳು ಹೇಳಲಾರೆ. ದೇವರ ಮುಂದೆ ಹೇಗೂ ನಿಲ್ಲಬೇಕಲ್ಲ, ಅಲ್ಲಿ ಉತ್ತರ ಕೊಡ್ತೀನಿ."

ಒಮ್ಮೆಗೇ ಗದ್ದಲ ಎದ್ದಿತು. ಹಿಂದಿನ ಸಾಲಿನಿಂದ ಒಬ್ಬ ಚಪ್ಪಲಿ ಹಿಡಿದು ಮುಂದೆ ಬಂದ. ಸತ್ತವನ ಹೆಂಡತಿಯ ಅಣ್ಣ. ಮೌಲವಿ ನಡುವೆ ಬಂದು ನಿಂತರು, ಏಟು ಅವರ ಭುಜಕ್ಕೆ ಬಿತ್ತು. ಆಮೇಲೆ ಯಾರೂ ಕೈ ಎತ್ತಲಿಲ್ಲ. ಮೈಕಿನ ಪೆಟ್ಟಿಗೆಯ ಬೀಗದ ಕೈಯನ್ನು ಅಧ್ಯಕ್ಷರು ಕೇಳಿದರು. ಮಾಮ ಸೊಂಟದ ದಾರದಿಂದ ಬಿಚ್ಚಿ ಕೊಟ್ಟರು. ನಮಾಜಿಗೆ ಬರಬೇಡ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ ಎಂದು ಮೌಲವಿ ಅಂದೇ ಹೇಳಿದ್ದರಿಂದ ಆ ಒಂದನ್ನು ಬಿಟ್ಟರು. ಕೊನೆಯ ಸಾಲಿನ ಮೂಲೆ ಮಾಮನದಾಯಿತು. ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕಾದ ಸಾಲಿನಲ್ಲಿ ಅವರ ಪಕ್ಕ ಒಬ್ಬ ಮನುಷ್ಯನಷ್ಟು ಜಾಗ ಖಾಲಿ ಉಳಿಯತೊಡಗಿತು.

ಅಕ್ಕ ಮಗಳ ಊರಿಗೆ ಹೋದಳು. ಹೋಗುವಾಗ ತಮ್ಮನ ಬಟ್ಟೆಗಳನ್ನೆಲ್ಲ ಒಗೆದು ಮಡಿಸಿಟ್ಟಳು. ಅಂಗಡಿಗೆ ಬರುವ ಗಿರಾಕಿಗಳು ಕಡಿಮೆಯಾದರು. ಎದುರಿನ ಬ್ಯಾಂಡೇಜ್ ಅಂಗಡಿಯ ಮುದುಕ ಮಾತ್ರ ದಿನಾ ಬಂದು ಕೂತು, ಹೊಸ ಮುಅಜ್ಜಿನ್ ಆಜಾನ್ ಕೊಡುವಾಗ ಕಿವಿ ಮುಚ್ಚಿಕೊಳ್ಳುತ್ತಿದ್ದ.

ಆ ಹೊಸಬ ಒಂದು ಎಣ್ಣೆ ಅಂಗಡಿಯ ಗುಮಾಸ್ತ, ಅಧ್ಯಕ್ಷರ ಅಳಿಯ. ಒಂದು ದಿನ ಸುಟ್ಟ ವಾಸನೆ ಬರುತ್ತಿದ್ದ ಮಸೀದಿಯ ಆಂಪ್ಲಿಫೈಯರನ್ನು ಅವನು ಹೊತ್ತುತಂದು ಮೇಜಿನ ಮೇಲಿಟ್ಟ. ಇಡೀ ಊರಲ್ಲಿ ಅದನ್ನು ಬಲ್ಲವರು ಬೇರೆ ಇರಲಿಲ್ಲ.

"ಮಾವ ಕಳಿಸಿದ್ರು," ಎಂದ ನೆಲ ನೋಡುತ್ತ. ಮಾಮ ಸ್ಕ್ರೂ ಬಿಚ್ಚತೊಡಗಿದರು. ಅವನು ಹೋಗದೆ ನಿಂತೇ ಇದ್ದ. "ಮಾಮ, ಆಜಾನಿನ ಆ ಉದ್ದದ ಸಾಲಿನಲ್ಲಿ ನನಗೆ ಉಸಿರು ಸಾಲಲ್ಲ. ಎಲ್ಲಿ ತಗೋಬೇಕು?"

ಮಾಮ ತಲೆ ಎತ್ತಿ ಅವನ ಮುಖ ನೋಡಿದರು. ನಂತರ ಬಹಳ ಮೆಲ್ಲಗೆ, ಅವನೊಬ್ಬನಿಗೇ ಕೇಳುವಷ್ಟು, ಆ ಸಾಲನ್ನು ಹೇಳಿ ತೋರಿಸಿದರು.

ಸಂಜೆಯ ಹೊತ್ತಿಗೆ ಯಂತ್ರ ಸರಿಯಾಯಿತು. ಹಲೋ ಎನ್ನದೆ, ಮೈಕನ್ನು ಬೆರಳಿನಿಂದ ತಟ್ಟಿ ಪರೀಕ್ಷಿಸಿ ಕೊಟ್ಟು ಕಳಿಸಿದರು. ಮರುದಿನ ಬೆಳಗಿನ ಆಜಾನ್ ನಡುವೆ ಎಲ್ಲೂ ಉಸಿರು ಮುರಿಯದೆ ಬಂತು. ಮಾಮ ಅಂಗಡಿಯ ನಲ್ಲಿಯಲ್ಲಿ ಕೈಕಾಲು ತೊಳೆದು, ಗೋಡೆ ಬಳಸಿ ಹೋಗಿ, ಕೊನೆಯ ಸಾಲಿನ ಮೂಲೆಯಲ್ಲಿ ನಿಂತರು.