ಮಳೆಯ ಸಾಲಿಗೆ ಮಸಿ

ಕರಾಚಿಯ ದಂಡಿನ ದವಾಖಾನೆಯಲ್ಲಿ ಸಿಪಾಯಿ ಮಗನ ಜ್ವರ ಇಳಿಯಿತು. ಟಿಕೋಟಾದಲ್ಲಿ ಕಾಯುತ್ತಿರುವ ಅವನ ತಾಯಿಗೆ ಬೆಳಿಗ್ಗೆ ಏಳಕ್ಕೇ ಕಾಗದ ಬರೆದು ತಪಾಸಣೆಯ ಮೇಜಿಗೆ ಒಯ್ದೆ. ಬ್ರಿಟಿಷ್ ಸರ್ಕಾರದ ಯುದ್ಧಕಾಲ, ಇಲ್ಲಿಂದ ಹೋಗುವ ಕಾಗದಗಳನ್ನೆಲ್ಲ ಅಲ್ಲಿ ಓದುತ್ತಾರೆ. ಕನ್ನಡ ಓದುವ ಗುಮಾಸ್ತ ಧಾರವಾಡ ಕಡೆಯವನು. 'ಕಡಲ ಗಾಳಿ ಜೋರಾಗಿದೆ, ಭಾದ್ರಪದದ ಮೋಡ ಕಟ್ಟಿದೆ, ಇವತ್ತು ಮಳೆ ಬರುತ್ತದೆ' ಎಂಬ ಮೊದಲ ಸಾಲಿಗೇ ಕಪ್ಪು ಮಸಿ ಬಳಿದ.

"ಬಂದರದ ಹವಾ ಬರಿಯೂ ಹಂಗಿಲ್ರಿ ಕಾಕಾ. ವೈರಿ ವಿಮಾನದವ್ರಿಗೆ ಅನುಕೂಲ ಆಗ್ತೈತಿ."

"ನನ್ನ ಹೆಂಡತಿ ವಿಮಾನ ಹಾರಸೂದಿಲ್ಲೋ ತಮ್ಮಾ. ನಮ್ಮ ಕಡೆ ಮಳಿ ಸುದ್ದಿ ಇಲ್ಲದ ಕಾಗದ ಅಂದ್ರ ಸಾವಿನ ಕಾಗದ. ಮೊದಲನೇ ಸಾಲಿನ್ಯಾಗ ಮಳಿ ಇಲ್ಲಂದ್ರ ಆಕಿ ಮುಂದಿಂದು ಕೇಳೂದ ಇಲ್ಲ, ಅಳಾಕ ಸುರು ಮಾಡ್ತಾಳ."

ಅವನು ಲೇಖನಿ ಕೆಳಗಿಟ್ಟ. "ನಮ್ಮ ಮನ್ಯಾಗೂ ಹಂಗ ಐತ್ರಿ," ಎಂದ.

ನಾನು ಹೊಸ ಹಾಳೆ ತೆಗೆದು ಬರೆದೆ: 'ಟಿಕೋಟಾದಲ್ಲಿ ಹಸ್ತ ಮಳೆ ಚೆನ್ನಾಗಿ ಆಗುತ್ತದೆ. ಹಿಂಗಾರಿ ಜೋಳದ ಬೀಜ ತೆಗೆದಿಡು. ಮಗ ಗುಣವಾಗಿದ್ದಾನೆ.'

"ಇಲ್ಲಿ ಕೂತು ಅಲ್ಲಿ ಮಳಿ ಹೇಳ್ತೀರಲ್ರಿ!"

"ಬಿತ್ತಾಂವಗ ಗೊತ್ತಿರ್ತೈತಿ. ಮುದ್ರಿ ಒತ್ತು."

"ಟಿಕೋಟಾದ ಹವಾಕ್ಕ ಕಾಯ್ದೆ ಇಲ್ಲ ಬಿಡ್ರಿ," ಎಂದು ನಗುತ್ತ ಒತ್ತಿದ.

ಹೊರಗೆ ಬಂದು ಕೊಡೆ ಬಿಚ್ಚಿದೆ. ಯಾಕೆಂದು ಬರೆಯುವ ಹಾಗಿಲ್ಲ.