ಮಾವನವರ ರಾಜ ನೆಗೆದ ದಿನ

ಪೂಜೆ ಮುಗಿದು ಎರಡು ತಾಸಾದ ಮೇಲೂ ನಮ್ಮ ಮನೆಯಲ್ಲಿ ಕರ್ಪೂರದ ವಾಸನೆ ಬಂದರೆ, ದೇವರಿಗೂ ಅದಕ್ಕೂ ಸಂಬಂಧವಿಲ್ಲವೆಂದು ತಿಳಿಯಬೇಕು. ಮಾವನವರು ಚದುರಂಗದ ಪೆಟ್ಟಿಗೆ ತೆರೆದಿದ್ದಾರೆ ಎಂದರ್ಥ. ಹುಳ ಹಿಡಿಯಬಾರದೆಂದು ಕಾಯಿಗಳ ನಡುವೆ ಕರ್ಪೂರ ಇಡುತ್ತಾರೆ. ಇವತ್ತು ಮಿರ್ಚಿ ಬಜ್ಜಿಗೆ ಹಿಟ್ಟು ಕಲಸುತ್ತಿದ್ದಾಗ ಆ ವಾಸನೆ ಬಂತು. ಹಚ್ಚೊಳ್ಳಿಯ ಈರಣ್ಣ ಬಂದಿದ್ದಾನೆ. ಟ್ರ್ಯಾಕ್ಟರಿನ ಸಾಮಾನಿಗೆಂದು ಬಳ್ಳಾರಿಗೆ ಬಂದಾಗೆಲ್ಲ ಒಂದು ಆಟ ಆಡದೆ ಹೋಗುವವನಲ್ಲ. ಇವರಿಬ್ಬರ ಸ್ನೇಹ ಹುಟ್ಟಿದ್ದೇ ನನ್ನನ್ನು ಬೈಯುವುದರಿಂದ. ಹೇಗೆ ಅಂತೀರಾ? ಕೇಳಿ.

ನಾನು ಶಾಲೆಯಲ್ಲಿ ಗಣಿತ ಹೇಳುವವಳು. ತಪ್ಪು ಕಂಡರೆ ಕೈ ತುರಿಸುತ್ತದೆ. ಮದುವೆಮನೆಯ ಊಟದಲ್ಲೂ ಉಪ್ಪು ಎಲೆಯ ಸರಿಯಾದ ಮೂಲೆಯಲ್ಲಿ ಬಿದ್ದಿದೆಯೇ ಎಂದು ಮೊದಲು ನೋಡುತ್ತೇನೆ. ಇಂಥವಳು ಎರಡು ದಿನದ ತರಬೇತಿ ಮುಗಿಸಿ ಚದುರಂಗದ ತೀರ್ಪುಗಾರ್ತಿಯಾದೆ. ಅಲ್ಲಿ ಕಲಿತ ಕಷ್ಟದ ಪಾಠವೆಂದರೆ ಬಾಯಿ ಮುಚ್ಚಿಕೊಂಡಿರುವುದು. ಆಟಗಾರ ಗಡಿಯಾರ ಒತ್ತಲು ಮರೆತರೆ ನೆನಪಿಸುವಂತಿಲ್ಲ. ಮಂತ್ರಿಯನ್ನು ಬಿಟ್ಟಿಯಾಗಿ ಕೊಟ್ಟರೂ ಅಯ್ಯೋ ಅನ್ನುವಂತಿಲ್ಲ. ಮರೆವು, ದಡ್ಡತನ ಅವರವರ ಸ್ವಂತ ಆಸ್ತಿ. ಆದರೆ ನಿಯಮದಲ್ಲಿಲ್ಲದ ನಡೆ ಕಣ್ಣಿಗೆ ಬಿದ್ದರೆ, ಯಾರೂ ದೂರು ಕೊಡದಿದ್ದರೂ, ಆಟ ನಿಲ್ಲಿಸಲೇಬೇಕು.

ಮಾವನವರು ನಿವೃತ್ತ ಗುಮಾಸ್ತರು. ಜಗಲಿಯ ಮೇಲೆ ಅರ್ಧ ಬಳ್ಳಾರಿಯನ್ನು ಸೋಲಿಸಿದವರು. ಆದರೆ ಮನೆಯ ಗಾಜಿನ ಬೀರುವಿನಲ್ಲಿ ಅವರ ಹೆಸರಿನ ಒಂದು ಕಪ್ಪೂ ಇಲ್ಲ. ವರ್ಷಗಳ ಹಿಂದೆ ಸಿರುಗುಪ್ಪದಲ್ಲಿ ಪಂದ್ಯಾವಳಿ ಎಂದಾಗ ಇಸ್ತ್ರಿ ಅಂಗಿ ತೊಟ್ಟು ಹೊರಟರು. ಹೊರಡುವ ಮುಂಚೆ ಬೀರುವಿನ ನಡುಖಾನೆಯನ್ನು ಖಾಲಿ ಮಾಡಿಟ್ಟರು! ತೀರ್ಪುಗಾರ್ತಿ ನಾನು. ಅವರ ಆಟಗಳನ್ನು ಬೇರೊಬ್ಬರು ನೋಡಬೇಕೆಂದು ಮಾತಾಗಿತ್ತು, ಆದರೆ ಫೈನಲ್ ಹೊತ್ತಿಗೆ ಆ ಪುಣ್ಯಾತ್ಮರು ಹೊಟ್ಟೆನೋವೆಂದು ಮನೆ ಸೇರಿದ್ದರು.

ಎದುರಾಳಿ ಈರಣ್ಣ. ಆಗ ಪರಿಚಯವಿರಲಿಲ್ಲ. ಬಹಳ ಹೊತ್ತಿನ ಜಗ್ಗಾಟದ ಮೇಲೆ ಆನೆ ಸರಿಸಿ, "ಚೆಕ್ ರೀ ರಾಯರೆ" ಅಂದ. ನೋಡಿದೆ. ಮಾವನವರ ರಾಜನಿಗೆ ಹೋಗಲು ಮನೆಯೇ ಇಲ್ಲ. ಆಟ ಮುಗಿದಿತ್ತು. ಮಾವನವರು ಒಂದು ಚಿಟಿಕೆ ನಶ್ಯ ಏರಿಸಿ, ರಾಜನನ್ನು ಎತ್ತಿ, ಎರಡು ಮನೆ ಮುಂದೆ, ಒಂದು ಮನೆ ಪಕ್ಕಕ್ಕೆ ಇಟ್ಟುಬಿಟ್ಟರು. ಕುದುರೆ ನೆಗೆತ! ನಮ್ಮ ಕಡೆಯ ಜಗಲಿ ಆಟದಲ್ಲಿ ಜೀವಕ್ಕೆ ಅಪಾಯ ಬಂದಾಗ ರಾಜ ಒಂದೇ ಒಂದು ಸಲ ಕುದುರೆಯಂತೆ ನೆಗೆಯಬಹುದು. ಪಂದ್ಯದ ನಿಯಮದಲ್ಲಿ ಅದಿಲ್ಲ. ಈರಣ್ಣ ಕಲಿತದ್ದೂ ಊರ ಕಟ್ಟೆಯ ಮೇಲೆಯೇ. "ಬರೋಬ್ಬರಿ ನೆಗದ್ರಿ" ಎಂದು ತಲೆಯಾಡಿಸಿ ಮುಂದಿನ ನಡೆ ಯೋಚಿಸತೊಡಗಿದ. ಸುತ್ತ ನಿಂತವರೂ ವ್ಹಾ ವ್ಹಾ ಅಂದರು.

ನಿಜ ಹೇಳುತ್ತೇನೆ, ಗಡಿಯಾರದತ್ತ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡೆ. ಬೀರುವಿನ ಖಾಲಿ ಖಾನೆ ಕಣ್ಣ ಮುಂದೆ ಬಂತು. ಮರುದಿನ ಬೆಳಗಿನ ಕಾಫಿಯನ್ನು ನಾನೇ ಅವರ ಕೈಗೆ ಕೊಡಬೇಕಲ್ಲ ಎಂಬುದೂ ನೆನಪಾಯಿತು. ಆಮೇಲೆ ಈರಣ್ಣನ ಮುಖ ನೋಡಿದೆ. ಗೆದ್ದಾದ ಆಟವನ್ನು ಹೇಗಪ್ಪಾ ಗೆಲ್ಲಲಿ ಎಂದು ಹುಬ್ಬು ಗಂಟಿಕ್ಕಿ ಕೂತಿದ್ದ. ಗಡಿಯಾರ ನಿಲ್ಲಿಸಿದೆ.

"ಮಾವನೋರೆ, ಆ ನಡಿ ನಿಯಮದಾಗ ಇಲ್ಲ. ಆಟ ಆಗ್ಲೇ ಮುಗದದ. ಇವರು ಗೆದ್ದಾರ."

ಮಾವನವರಿಗಿಂತ ಮೊದಲು ಸಿಟ್ಟಿಗೆದ್ದವನು ಈರಣ್ಣ. "ಅಲ್ರಿ ಮೇಡಂ, ನಾನ ಒಪ್ಪೀನಿ, ನಡುವ ನಿಮ್ದೇನೈತ್ರಿ? ಹಿರೇರು ನೆಗದಾರ, ನೆಗೀಲಿ ಬಿಡ್ರಿ!"

"ಕೇಳಿದಿ ಏನವಾ?" ಅಂದರು ಮಾವನವರು. "ಆಡೋರಿಗೆ ಇಲ್ಲದ ತ್ರಾಸು ನಿನಗ್ಯಾಕ?"

ನಿಯಮದ ಪುಸ್ತಕ ತೆರೆದು ತೋರಿಸಿದೆ. ಕಪ್ಪನ್ನು ಈರಣ್ಣ ಕದ್ದ ಮಾಲಿನಂತೆ ಹಿಡಿದುಕೊಂಡ. ಮಾವನವರು ಅವನ ಕೈ ಕುಲುಕಲಿಲ್ಲ, ನೀ ಗೆದ್ದಿ ಎಂಬ ಒಂದು ಮಾತೂ ಆಡಲಿಲ್ಲ. ನನ್ನ ಪಕ್ಕ ಕೂರಬಾರದೆಂದು ಕುರುಗೋಡಿನ ಮೇಲೆ ಸುತ್ತಿ ಬರುವ ಬಸ್ಸು ಹತ್ತಿದರು. ಕುರುಗೋಡಿನ ಅಕ್ಕನ ಮನೆಗೆ ಹೊರಟಿದ್ದ ಈರಣ್ಣನೂ ಅದರಲ್ಲೇ ಇದ್ದ. ದಾರಿಯುದ್ದಕ್ಕೂ ಇಬ್ಬರೂ ಸೇರಿ ನನ್ನನ್ನು ಬೈದರಂತೆ; ಕುರುಗೋಡು ಬರುವಷ್ಟರಲ್ಲಿ ಗಳಸ್ಯ ಕಂಠಸ್ಯ. ಮನೆಯಲ್ಲಿ ಅತ್ತೆ "ಏನಾತ್ರಿ?" ಎಂದರೆ, "ನಿನ್ನ ಸೊಸೀನ್ನ ಕೇಳು" ಅಂದರು. ಎಂಟು ದಿನ ನನ್ನ ಕೈಯ ಕಾಫಿ ಮುಟ್ಟಲಿಲ್ಲ. ಆಮೇಲೆ ಮುನಿಸು ಕರಗಿತು, ಆದರೆ ನೀ ಮಾಡಿದ್ದು ಸರಿ ಎಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಅಂದವರಲ್ಲ. ಆ ಮಾತಿಗೆ ನಾನು ಒಳಗೊಳಗೇ ಕಾದಿದ್ದೆ.

ಇವತ್ತು ಮಿರ್ಚಿ ತಟ್ಟೆ ಹಿಡಿದು ಪಡಸಾಲೆಗೆ ಬಂದೆ. ಮನೆಯಲ್ಲಿ ಜಗಲಿಯ ನಿಯಮವೇ, ರಾಜನಿಗೆ ಒಂದು ನೆಗೆತ ಉಂಟು. ಮಾವನವರು ಅದನ್ನು ಮುಗಿಸಿದ ಗದ್ದಲ ಆಗಲೇ ಅಡುಗೆಮನೆಗೆ ಕೇಳಿಸಿತ್ತು. ಈಗ ನನ್ನ ಕಣ್ಣೆದುರಿಗೇ ಎರಡನೇ ಸಲ ನೆಗೆಸಿದರು! ಈರಣ್ಣ ಕಂಡೂ ಕಾಣದವನಂತೆ ಮಿರ್ಚಿಗೆ ಕೈ ಹಾಕಿದ. ನನ್ನ ಕೈ ತುರಿಸಿತು. ಆದರೆ ಇಲ್ಲಿ ಗಡಿಯಾರವಿಲ್ಲ, ಕಪ್ಪಿಲ್ಲ. ಎಂಬತ್ತರ ಹತ್ತಿರದ ಜೀವ ಮರೆತಿದೆ, ಹೋಗಲಿ. ತಟ್ಟೆಯನ್ನು ಅವರ ಮುಂದಿಟ್ಟೆ.

ಮಾವನವರು ತಲೆ ಎತ್ತಿದರು. "ಏನವಾ ಜಡ್ಜಮ್ಮ, ಕಣ್ಣು ಮಂಜಾಗ್ಯಾವೇನು? ಎರಡು ಸಲ ನೆಗದೀನಿ. ಯಾರೂ ಹೇಳಲಿಲ್ಲಂದ್ರ ಅದು ಆಟ ಹೆಂಗಾಗ್ತದ?"

ತಾವೇ ರಾಜನನ್ನು ಹಿಂದಿನ ಮನೆಯಲ್ಲಿಟ್ಟರು. ಅಲ್ಲಿಂದ ಹೋಗಲು ದಾರಿಯಿರಲಿಲ್ಲ. ಈರಣ್ಣನತ್ತ ಕೈ ಚಾಚಿದರು.

"ನೀ ಗೆದ್ದೀಪಾ ಈರಣ್ಣ. ಇವತ್ತಿಂದೂ, ಸಿರುಗುಪ್ಪದ್ದೂ."

ಈರಣ್ಣ ಎಣ್ಣೆಗೈಯನ್ನು ಅಂಗಿಗೆ ಒರೆಸಿಕೊಂಡು ಅವರ ಕೈ ಹಿಡಿದ. "ನಿಂತು ಏನ್ ನೋಡ್ತಿ?" ಅಂದರು ಮಾವನವರು ನನಗೆ. "ಕಾಫಿ ತಾರವಾ."

ಎಷ್ಟು ಖುಷಿಯಾಗಿತ್ತೆಂದರೆ, ಕಾಫಿಗೆ ಸಕ್ಕರೆ ಹಾಕುವುದನ್ನೇ ಮರೆತೆ. ಇಬ್ಬರೂ ಕೊನೆಯ ಗುಟುಕಿನ ತನಕ ಕುಡಿದರು, ತುಟಿ ಪಿಟಕ್ಕೆನ್ನಲಿಲ್ಲ.